ಚಿನ್ನದ ಗಣಿಗಳ ಹಳೇ ಭೂವಿಜ್ಞಾನ ವರದಿ ಕೂಡಿಡೋದು ಹೇಗೆ? ಮುಂಬೈಯಲ್ಲಿ ಹುಡುಕುವವರಿಗೆ ಒಂದಿಷ್ಟು ದಾರಿ

ಮೊದಲೇ ಹೇಳಿಬಿಡುತ್ತೇನೆ, ಈ ಹವ್ಯಾಸದಲ್ಲಿ ಚಿನ್ನ ಸಿಗುವುದಿಲ್ಲ. ಸಿಗುವುದು ಧೂಳು, ಸೀನು, ಆಮೇಲೆ ಮಡಿಕೆಯಲ್ಲಿ ಹರಿಯೋಕೆ ಬಂದ ನಕ್ಷೆಗಳು. ಮಾಟುಂಗಾದಲ್ಲಿ ನಾನು ಕಾಫಿಗೆ ಹೋಗುವ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವರು ನನ್ನ ಕೈಚೀಲ ಕಂಡ ಕೂಡಲೇ "ಏನ್ ಮಾರಾಯ್ರೇ, ಇವತ್ತಾದ್ರೂ ಚಿನ್ನ ಸಿಕ್ತಾ?" ಅಂತ ಕೇಳುತ್ತಾರೆ. ಸಿಕ್ಕಿದೆ, ಆದರೆ 1876ರದ್ದು, ಅದೂ ಕಾಗದದ ಮೇಲೆ ಅಂದರೆ ನಗುತ್ತಾರೆ.

ಮುಂಬೈಯಲ್ಲಿ ಕೂತು ಕೋಲಾರ, ಹಟ್ಟಿ, ಗದಗದ ಕಾಗದ ಹುಡುಕೋದು ವಿಚಿತ್ರ ಅನ್ನಿಸಬಹುದು. ಅಷ್ಟೇನೂ ವಿಚಿತ್ರ ಅಲ್ಲ. 1956ರವರೆಗೆ ಧಾರವಾಡ ಜಿಲ್ಲೆ ಇದೇ ಮುಂಬೈಯ ಆಡಳಿತಕ್ಕೆ ಸೇರಿತ್ತು, ಗದಗ, ಡಂಬಳ, ಕಪ್ಪತಗುಡ್ಡ ಎಲ್ಲ ಅದರೊಳಗೇ ಇದ್ದವು. ಕೋಲಾರ ಮೈಸೂರು ಸಂಸ್ಥಾನದ್ದು, ಹಟ್ಟಿ ನಿಜಾಮರದ್ದು. ಹಾಗಾಗಿ ನಮ್ಮ ಚಿನ್ನದ ಕಥೆ ಮೂರು ಸರ್ಕಾರಗಳ ಕಡತದಲ್ಲಿ ಹಂಚಿಹೋಗಿದೆ. ಅಚ್ಚಾದದ್ದು ಕಲ್ಕತ್ತಾ, ಬೆಂಗಳೂರು, ಮದ್ರಾಸ್, ಮುಂಬೈ, ಲಂಡನ್ ಅಂತ ಐದು ಕಡೆ. ಇಲ್ಲಿನ ಹಳೇ ಇಂಜಿನಿಯರುಗಳ, ವಕೀಲರ, ಕಂಪನಿ ಏಜೆಂಟರ ಮನೆಗಳಿಂದ ಈ ಕಾಗದ ಇವತ್ತಿಗೂ ರದ್ದಿಗೆ ಬೀಳುತ್ತಲೇ ಇರುತ್ತದೆ.

ಒಂದೇ ಸೀಮೆ ಹಿಡಿಯಿರಿ

ಹೊಸಬರು ಮಾಡುವ ಮೊದಲ ತಪ್ಪು ಅಂದರೆ ಎಲ್ಲವನ್ನೂ ಕೊಳ್ಳೋದು. ಆಸ್ಟ್ರೇಲಿಯಾದ್ದು ಒಂದು, ದಕ್ಷಿಣ ಆಫ್ರಿಕಾದ್ದು ಒಂದು, ಕೋಲಾರದ್ದು ಒಂದು. ಎರಡು ವರ್ಷ ಆದಮೇಲೆ ಕಪಾಟು ತುಂಬಿರುತ್ತದೆ, ಯಾವುದಕ್ಕೂ ಯಾವುದೂ ಮಾತಾಡುವುದಿಲ್ಲ. ನಾನೂ ಹಾಗೇ ಶುರು ಮಾಡಿದ್ದು. ಈಗ ಧಾರವಾಡ ಸೀಮೆ ಒಂದೇ, ಜೊತೆಗೆ ಅದಕ್ಕೆ ಬೇಕಾದಷ್ಟು ಕೋಲಾರ.

ಒಂದೇ ಸೀಮೆ ಹಿಡಿದರೆ ಒಂದು ವರದಿ ಇನ್ನೊಂದನ್ನು ತಿದ್ದುತ್ತದೆ. ವಯನಾಡು ನೋಡಿ. ಜಿಯಲಾಜಿಕಲ್ ಸರ್ವೆಯ ವಿಲಿಯಂ ಕಿಂಗ್ 1875ರಲ್ಲಿ ಅಲ್ಲಿನ ಚಿನ್ನದ ಬಗ್ಗೆ ಒಂದು ಪ್ರಾಥಮಿಕ ಟಿಪ್ಪಣಿ ಬರೆದರು. ಆಸ್ಟ್ರೇಲಿಯಾದಿಂದ ಕರೆಸಿದ ಬ್ರೋ ಸ್ಮಿತ್ ಅವರ ದೊಡ್ಡ ವರದಿ 1880ರಲ್ಲಿ ಬಂತು. ಅದರ ಬೆನ್ನಿಗೇ ಲಂಡನ್ನಿನಲ್ಲಿ ಸಾಲುಸಾಲು ಕಂಪನಿ ಹುಟ್ಟಿದವು, ಷೇರು ಬಿಸಿ ದೋಸೆ ಥರ ಖರ್ಚಾದವು, ಕೆಲವೇ ವರ್ಷದಲ್ಲಿ ಎಲ್ಲ ನೆಲಕಚ್ಚಿತು. ಈ ಎರಡು ವರದಿ, ಜೊತೆಗೆ ಆ ಕಾಲದ ಒಂದು ಕಂಪನಿಯ ಪ್ರಾಸ್ಪೆಕ್ಟಸ್ (ಷೇರು ಕೊಳ್ಳಿ ಅಂತ ಜನರಿಗೆ ಹೊರಡಿಸುವ ಪುಸ್ತಿಕೆ), ಇಷ್ಟು ಒಂದೇ ಕಪಾಟಿನಲ್ಲಿ ಇದ್ದರೆ ಸಾಕು. ಆಸೆ ಹೇಗೆ ಉಬ್ಬಿತು ಅಂತ ಪುಟ ಪುಟವಾಗಿ ಕಾಣುತ್ತದೆ. ಬಿಡಿಬಿಡಿಯಾಗಿ ಇದ್ದರೆ ಮೂರು ಹಳೇ ಪುಸ್ತಕ, ಅಷ್ಟೇ.

ಏನೇನು ಅಚ್ಚಾಗಿದೆ ಅಂತ ಮೊದಲು ತಿಳಿಯಿರಿ

ಅಂಗಡಿಗೆ ಹೋಗೋ ಮುಂಚೆ ಈ ಮನೆಪಾಠ ಆಗಲೇಬೇಕು. ಇಲ್ಲದಿದ್ದರೆ ಕೈಗೆ ಬಂದದ್ದನ್ನೂ ಗುರುತಿಸಲ್ಲ.

ಜಿಯಲಾಜಿಕಲ್ ಸರ್ವೆ ಆಫ್ ಇಂಡಿಯಾ ಶುರುವಾದದ್ದು 1851ರಲ್ಲಿ. ಅವರ ಪ್ರಕಟಣೆಯಲ್ಲಿ ನಮಗೆ ಬೇಕಾದವು ಎರಡು ಸಾಲು. ಒಂದು ರೆಕಾರ್ಡ್ಸ್, 1868ರಿಂದ ಬಂದದ್ದು, ಚಿಕ್ಕ ಚಿಕ್ಕ ಲೇಖನಗಳ ತೆಳು ಸಂಚಿಕೆ. ಇನ್ನೊಂದು ಮೆಮಾಯರ್ಸ್, ಒಂದೊಂದು ಪ್ರದೇಶದ ಮೇಲೆ ದಪ್ಪ ಪುಸ್ತಕ. ಧಾರವಾಡದ ಮಟ್ಟಿಗೆ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರು ನೆನಪಿಟ್ಟುಕೊಳ್ಳಿ. ಪಲ್ಲಾವರಂನಲ್ಲಿ 1863ರಲ್ಲಿ ಹಳೇ ಶಿಲಾಯುಗದ ಕಲ್ಲಿನ ಆಯುಧ ಕಂಡುಹಿಡಿದ ಅದೇ ಫೂಟ್. ಡಂಬಳ ಗುಡ್ಡಗಳ ಚಿನ್ನ ಇರುವ ಕಲ್ಲಿನ ಬಗ್ಗೆ ಅವರು 1874ರಲ್ಲಿ ರೆಕಾರ್ಡ್ಸ್‌ನಲ್ಲಿ ಬರೆದರು. 1876ರಲ್ಲಿ ಸೌತ್ ಮರಾಠಾ ಕಂಟ್ರಿ (ಈ ಕಡೆಯ ಸೀಮೆಗೆ ಇಂಗ್ಲಿಷರು ಇಟ್ಟ ಹೆಸರು) ಮೇಲಿನ ದೊಡ್ಡ ಮೆಮಾಯರ್ ಬಂತು, 12ನೇ ಸಂಪುಟದಲ್ಲಿ. ಆಮೇಲೆ 1880ರ ದಶಕದ ಕೊನೆಗೆ ಧಾರವಾಡ ಸಿಸ್ಟಮ್ ಅನ್ನೋ ಲೇಖನ, ಎರಡು ಕಂತು. ಇವತ್ತಿಗೂ ಜಗತ್ತಿನ ಭೂವಿಜ್ಞಾನಿಗಳು ಧಾರವಾಡ ಕ್ರೇಟಾನ್ (ಕ್ರೇಟಾನ್ ಅಂದರೆ ಭೂಮಿಯ ಬಹಳ ಹಳೇ, ಗಟ್ಟಿ ನೆಲದ ಭಾಗ) ಅಂತಾರಲ್ಲ, ಆ ಹೆಸರಿನ ಬೇರು ಇಲ್ಲೇ ಇದೆ.

ಕೋಲಾರಕ್ಕೆ ಎಫ್. ಎಚ್. ಹ್ಯಾಚ್ ಬರೆದ 1901ರ ಮೆಮಾಯರ್, 33ನೇ ಸಂಪುಟದ ಮೊದಲ ಭಾಗ. ಇದು ಕಲ್ಲಿನ ಕಥೆ ಮಾತ್ರ ಅಲ್ಲ, ಅದಿರು ಕುಟ್ಟಿ ಚಿನ್ನ ತೆಗೆಯೋದು ಹೇಗೆ ಅಂತಾನೂ ವಿವರವಾಗಿ ಬರೆದಿದ್ದಾರೆ. ಒಂದೇ ಒಂದು ಕೊಳ್ಳೋದಾದರೆ ನಾನು ಇದನ್ನೇ ಕೊಳ್ಳಿ ಅಂತೀನಿ.

ಇನ್ನು ಮೈಸೂರಿನದ್ದು. ಮೈಸೂರು ಜಿಯಲಾಜಿಕಲ್ ಡಿಪಾರ್ಟ್‌ಮೆಂಟ್ 1894ರಲ್ಲಿ ಶುರುವಾಯಿತು, ಸರ್ವೆಯಿಂದ ನಿವೃತ್ತರಾದ ಫೂಟ್ ಅವರೇ ಮೊದಲು ಅದನ್ನು ನಡೆಸಿದರು, ಆಮೇಲೆ ಸ್ಮೀತ್ ಅನ್ನುವವರು ಬಂದರು (ವಯನಾಡಿನ ಬ್ರೋ ಸ್ಮಿತ್ ಬೇರೆ). ಆ ಡಿಪಾರ್ಟ್‌ಮೆಂಟಿನ ರೆಕಾರ್ಡ್ಸ್, ಬುಲೆಟಿನ್ ಎಲ್ಲ ಬೆಂಗಳೂರಿನಲ್ಲಿ ಅಚ್ಚಾದವು. ಸ್ಮೀತ್ ಮತ್ತು ಪಿ. ಸಂಪತ್ ಅಯ್ಯಂಗಾರ್ ಸೇರಿ ಬರೆದ 1916ರ 7ನೇ ಬುಲೆಟಿನ್ ಮೈಸೂರಿನ ಖನಿಜಗಳ ಪೂರ್ತಿ ಲೆಕ್ಕ. ಇಲ್ಲಿ ಒಬ್ಬ ನಮ್ಮವರ ಹೆಸರು ಮುಖಪುಟದ ಮೇಲೆ ಬಂದಿದೆ ಅನ್ನೋದು ನನಗೆ ಖುಷಿ. ಹಳೇ ವರದಿಗಳಲ್ಲಿ ಸಾಮಾನ್ಯವಾಗಿ ನಮ್ಮ ಜನ ಬರುವುದು ಕೂಲಿಗಳಾಗಿ, ಇಲ್ಲ ದಾರಿ ತೋರಿಸಿದವರಾಗಿ.

ಇಷ್ಟರ ಜೊತೆ ವ್ಯಾಲೆಂಟೈನ್ ಬಾಲ್ ಅವರ 1881ರ ಕೈಪಿಡಿ ಒಂದಿದೆ. ಭಾರತದ ಭೂವಿಜ್ಞಾನದ ಮ್ಯಾನ್ಯುವಲ್‌ನ ಮೂರನೇ ಭಾಗ ಅದು. ಚಿನ್ನದ ಅಧ್ಯಾಯದಲ್ಲಿ ಪ್ರಾಂತ್ಯವಾರು ಎಲ್ಲ ಸಿಗುತ್ತದೆ. ಬಾಂಬೆ ಗೆಜೆಟಿಯರ್‌ನ ಧಾರವಾಡ ಸಂಪುಟ, 22ನೆಯದು, 1884ರದ್ದು. ಇವೆರಡೂ ಪಟ್ಟಿಯಲ್ಲಿರಲಿ.

ಈ ಎಲ್ಲವೂ ಬಹುತೇಕ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಹಾಗಿದ್ದಮೇಲೆ ಯಾಕೆ ಕೊಳ್ಳಬೇಕು ಅಂತೀರಾ? ಅದಕ್ಕೆ ಉತ್ತರ ನಕ್ಷೆ. ಸ್ಕ್ಯಾನ್ ಮಾಡುವವರು ಎಷ್ಟೋ ಸಲ ಮಡಚಿದ ನಕ್ಷೆಯನ್ನು ಬಿಚ್ಚದೆ ಹಾಗೇ ಫೋಟೋ ಹೊಡೆದುಬಿಡುತ್ತಾರೆ. ಪರದೆ ಮೇಲೆ ಒಂದು ಬಿಳಿ ಚೌಕ, ಮೂಲೆಯಲ್ಲಿ ಅರ್ಧ ಊರಿನ ಹೆಸರು. ಆದರೂ ಸ್ಕ್ಯಾನ್ ಇಳಿಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಳೇ ಕಾಗುಣಿತದಲ್ಲಿ ಹುಡುಕಿ

ಆನ್‌ಲೈನ್ ಹರಾಜಿನಲ್ಲಿ, ಹಳೇ ಪುಸ್ತಕದ ಸೈಟುಗಳಲ್ಲಿ ಇವತ್ತಿನ ಹೆಸರು ಹಾಕಿದರೆ ಏನೂ ಬರಲ್ಲ. ಉರಿಗಾಂ ಅಲ್ಲಿ ಊರೆಗಮ್. ನಂದಿದುರ್ಗ ಅಲ್ಲಿ ನಂದಿದ್ರೂಗ್. ಧಾರವಾಡ ಧಾರ್‌ವಾರ್, ವಯನಾಡು ವೈನಾಡ್, ಕಪ್ಪತಗುಡ್ಡ ಕಪ್ಪತ್‌ಗೋಡ್. ಇಂಗ್ಲಿಷರ ಕಿವಿಗೆ ಹೇಗೆ ಕೇಳಿಸಿತೋ ಹಾಗೆ ಬರೆದಿದ್ದಾರೆ. ಒಂದು ಊರಿಗೆ ನಾಲ್ಕು ಕಾಗುಣಿತ ಬರೆದಿಟ್ಟುಕೊಂಡು ನಾಲ್ಕನ್ನೂ ಹಾಕಿ.

ಇನ್ನೊಂದು ಗುಟ್ಟು. ಮುಖಪುಟದ ಮೇಲೆ ಗೋಲ್ಡ್ ಅನ್ನೋ ಪದ ಇದ್ದರೆ ಬೆಲೆ ಏರಿರುತ್ತದೆ. ಅಂಗಡಿಯವನಿಗೆ ಉಳಿದ ಇಂಗ್ಲಿಷ್ ಬರದಿದ್ದರೂ ಆ ನಾಲ್ಕಕ್ಷರ ಚೆನ್ನಾಗಿ ಬರುತ್ತದೆ! ಆದರೆ ಫೂಟ್ ಅವರ 1876ರ ಮೆಮಾಯರ್ ಹೆಸರಿನಲ್ಲಿ ಚಿನ್ನ ಇಲ್ಲವೇ ಇಲ್ಲ, ಸೌತ್ ಮರಾಠಾ ಕಂಟ್ರಿ ಅಂತ ಒಣಕಲು ಹೆಸರು. ಯಾರೂ ಅದನ್ನು ತಿರುಗಿ ನೋಡಲ್ಲ. ನನಗೆ ಅದು ಶಾಲೆ ಪಠ್ಯಪುಸ್ತಕಗಳ ಗುಡ್ಡೆಯೊಳಗೆ ಸಿಕ್ಕಿತು. ಇಂಥ ಬೋರು ಹೆಸರಿನವನ್ನೇ ಹುಡುಕಿ.

ಎಲ್ಲಿ ಹುಡುಕೋದು

ಮುಂಬೈಯಲ್ಲಿ ಫ್ಲೋರಾ ಫೌಂಟನ್ ಸುತ್ತಿನ ಫುಟ್‌ಪಾತ್ ಪುಸ್ತಕದವರು, ಮಾಟುಂಗಾ ಕಿಂಗ್ಸ್ ಸರ್ಕಲ್‌ನ ಫುಟ್‌ಪಾತ್, ಆಮೇಲೆ ಚೋರ್ ಬಜಾರ್‌ನ ಮಟನ್ ಸ್ಟ್ರೀಟ್. ಮಟನ್ ಸ್ಟ್ರೀಟ್‌ನ ಅಂಗಡಿಗಳು ಶುಕ್ರವಾರ ಮುಚ್ಚಿರುತ್ತವೆ, ಆದರೆ ಅವತ್ತೇ ಬೀದಿ ಮೇಲೆ ಹಾಸಿ ಮಾರುವ ಬಜಾರು. ಬೆಳಗ್ಗೆ ಬೇಗ ಹೋಗಬೇಕು. ಪುಣೆಯವರಿಗೆ ಜುನಾ ಬಜಾರ್ ಇದೆ, ಅಪ್ಪಾ ಬಳವಂತ ಚೌಕದ ಪುಸ್ತಕದ ಬೀದಿ ಇದೆ.

ಆದರೆ ನಿಜ ಹೇಳಲಾ, ಒಳ್ಳೆಯವು ಬರೋದು ರದ್ದಿವಾಲಾನ ಹತ್ತಿರ. ಹಳೇ ಬಿಲ್ಡಿಂಗು ಬೀಳಿಸಿ ಟವರ್ ಕಟ್ಟುವ ಊರು ಇದು. ಮನೆ ಖಾಲಿ ಮಾಡುವಾಗ ಅಜ್ಜನ ಕಾಲದ ಟ್ರಂಕು ತೂಕದ ಲೆಕ್ಕದಲ್ಲಿ ಹೋಗುತ್ತದೆ. ನಿಮ್ಮ ಏರಿಯಾದ ಇಬ್ಬರು ಮೂವರು ರದ್ದಿಯವರನ್ನು ಪರಿಚಯ ಮಾಡಿಕೊಳ್ಳಿ. ನಾನು ಒಬ್ಬರಿಗೆ ಒಂದು ಹಳೇ ಸಂಚಿಕೆಯನ್ನು ಕೈಗೆ ಕೊಟ್ಟು ತೋರಿಸಿದೆ: ನೋಡಿ, ಇಂಥ ಮಬ್ಬು ಬಣ್ಣದ ಕಾಗದದ ರಟ್ಟು, ಒಳಗೆ ಮಡಚಿದ ನಕ್ಷೆ, ಇಂಥದ್ದು ಬಂದರೆ ಹರಿಯಬೇಡಿ, ಫೋನ್ ಮಾಡಿ. ಆರು ತಿಂಗಳು ಸುಮ್ನೆ ಇದ್ದರು. ಆಮೇಲೆ ಒಂದು ದಿನ ಫೋನು. ಹೋಗಿ ನೋಡಿದರೆ ರೈಲ್ವೆ ಟೈಂಟೇಬಲ್. ಅದನ್ನೂ ಕೊಂಡೆ, ಇಲ್ಲಾಂದ್ರೆ ಮುಂದಿನ ಸಲ ಫೋನು ಬರಲ್ಲ. ಮುಂದಿನ ಸಲ ಬಂದದ್ದು ರೆಕಾರ್ಡ್ಸ್‌ನ ಏಳು ಸಂಚಿಕೆ, ಅಂಚು ಕೂಡಿಕೊಂಡೇ ಬಂದಿದ್ದ ಪುಟಗಳನ್ನು ಯಾರೂ ಕತ್ತರಿಸಿ ಬಿಡಿಸಿಯೇ ಇರಲಿಲ್ಲ. ನೂರು ವರ್ಷದಿಂದ ಅವನ್ನು ಒಬ್ಬರೂ ಓದಿರಲಿಲ್ಲ ಅಂತ ಅರ್ಥ.

ಕೊಳ್ಳುವ ಮುಂಚೆ ಅಸಲಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿರಬೇಕು. ಟೌನ್ ಹಾಲ್‌ನಲ್ಲಿರುವ ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಹಳೇ ಸರ್ಕಾರಿ ಪ್ರಕಟಣೆಗಳನ್ನು ಹುಡುಕಿ. ಆ ಕಾಲದ ಕಾಗದದ ತೂಕ, ಅಕ್ಷರ ಒತ್ತಿದ ಗುರುತು, ವಾಸನೆ ಇವು ಕೈಗೆ ಒಮ್ಮೆ ಹತ್ತಿದರೆ ನಕಲಿ ಕೂಡಲೇ ಗೊತ್ತಾಗುತ್ತದೆ.

ಕೆಜಿಎಫ್‌ಗೇ ಹೋಗಿ ಪಾಳುಬಿದ್ದ ಕಟ್ಟಡದಿಂದ ಕಾಗದ ಎತ್ತಿಕೊಂಡು ಬರುತ್ತೇನೆ ಅನ್ನುವ ಸಾಹಸಿಗಳಿಗೆ ಒಂದು ಮಾತು. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು, ಆದರೆ ಅಲ್ಲಿರುವುದಕ್ಕೆ ಮಾಲೀಕರಿದ್ದಾರೆ. ಎತ್ತಿದರೆ ಅದು ಕಳವು. ಜೊತೆಗೆ ಸೈನೈಡ್ ಗುಡ್ಡಗಳ, ಅಂದರೆ ಚಿನ್ನ ತೆಗೆದ ಮೇಲೆ ಸುರಿದ ಪುಡಿಯ ರಾಶಿಗಳ, ಧೂಳು ಬೇರೆ. ಬೇಡ.

ದರಕ್ಕೆ ಮುಂಚೆ ನಕ್ಷೆ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದ್ರೆ ನನ್ನ ಕೈ ಸುಟ್ಟಿದ್ದು ಇಲ್ಲೇ.

ಮೇಲೆ ಹೇಳಿದ 1876ರ ಫೂಟ್ ಮೆಮಾಯರ್ ಸಿಕ್ಕಿದ ದಿನ ಮಳೆ. ಪ್ಲಾಸ್ಟಿಕ್ ಹಾಳೆ ಕೆಳಗೆ ನಿಂತು ಗಡಿಬಿಡಿಯಲ್ಲಿ ಮುಖಪುಟ ನೋಡಿದೆ, ಇಸವಿ ನೋಡಿದೆ, ಎದೆ ಹೊಡೆದುಕೊಳ್ಳೋಕೆ ಶುರುವಾಯಿತು. ಮಾರುವವನು 1,500 ಅಂದ. ನಾನು 1,200ಕ್ಕೆ ಒಪ್ಪಿಸಿ, ಭಾರಿ ಗೆದ್ದೆ ಅಂತ ಲೋಕಲ್ ಹತ್ತಿದೆ. ದಾದರ್ ದಾಟಿದ ಮೇಲೆ ಕೂರಲು ಜಾಗ ಸಿಕ್ಕಿತು, ತೊಡೆ ಮೇಲಿಟ್ಟು ಹಿಂಬದಿಯ ರಟ್ಟು ತೆಗೆದೆ. ರಟ್ಟಿಗೆ ಅಂಟಿಸಿದ ಜೇಬು ಇತ್ತು. ಜೇಬಿನೊಳಗೆ ಏನೂ ಇರಲಿಲ್ಲ. ಎದುರು ಪುಟದ ಮೇಲೆ ಮಾತ್ರ ಒಂದು ಕಂದು ಚೌಕ, ಮಡಚಿದ ನಕ್ಷೆ ಎಷ್ಟೋ ವರ್ಷ ಅಲ್ಲೇ ಒತ್ತಿಕೊಂಡು ಕೂತಿದ್ದ ಗುರುತು. ಮಡಿಕೆಯ ಗೆರೆ ಕೂಡ ಎಣಿಸಬಹುದಿತ್ತು. ಯಾರೋ ನಕ್ಷೆ ತೆಗೆದು ಫ್ರೇಮ್ ಹಾಕಿಸಿ ಮಾರಿರುತ್ತಾರೆ. ಹಳೇ ನಕ್ಷೆಗೆ ಗೋಡೆ ಮೇಲೆ ತೂಗುಹಾಕುವ ಗಿರಾಕಿ ಇದ್ದಾರೆ, ವರದಿಗೆ ಇಲ್ಲ.

ಮಾರಿದವನ ಮೇಲೆ ಸಿಟ್ಟು ಬರಲಿಲ್ಲ, ಅವನು ನಕ್ಷೆ ಇದೆ ಅಂತ ಹೇಳಿರಲೇ ಇಲ್ಲ. ನಾನೇ ಕೇಳಿರಲಿಲ್ಲ.

ಅದಕ್ಕೇ ಈಗ ಕ್ರಮ ಹೀಗೆ. ಪುಸ್ತಕ ಕೈಗೆ ಬಂದರೆ ಮೊದಲು ಹಿಂದಿನ ರಟ್ಟು ತೆಗೆಯುತ್ತೇನೆ. ಜೇಬು ಇದೆಯಾ, ತುಂಬಿದೆಯಾ. ಆಮೇಲೆ ಮುಂದಿನ ಪರಿವಿಡಿಯ ಹತ್ತಿರ ಪ್ಲೇಟುಗಳ ಪಟ್ಟಿ ಇರುತ್ತದೆ, ಯಾವ ಚಿತ್ರ ಯಾವ ಪುಟದ ಎದುರು ಬರಬೇಕು ಅಂತ. ಆ ಪಟ್ಟಿ ಹಿಡಿದು ಒಂದೊಂದೂ ಎಣಿಸಿ. ಪಟ್ಟಿಯೇ ಹರಿದುಹೋಗಿದ್ದರೆ ಫೋನಿನಲ್ಲಿರುವ ಸ್ಕ್ಯಾನ್ ತೆಗೆದು ಹೋಲಿಸಿ, ಅದಕ್ಕೇ ಇಳಿಸಿಕೊಳ್ಳಿ ಅಂದದ್ದು. ಬುಡದ ಹತ್ತಿರ ಬ್ಲೇಡಿನಲ್ಲಿ ಕತ್ತರಿಸಿದ ಸಣ್ಣ ಅಂಚು ಉಳಿದಿರುತ್ತದೆ, ಬೆರಳು ಸವರಿದರೆ ಸಿಗುತ್ತದೆ, ಕಣ್ಣಿಗಿಂತ ಬೆರಳೇ ವಾಸಿ. ಗಣಿಯ ಸೆಕ್ಷನ್ ಚಿತ್ರಗಳು, ಅಂದರೆ ಭೂಮಿಯನ್ನು ಕೇಕಿನ ಥರ ಕತ್ತರಿಸಿ ತೋರಿಸಿದಂಥವು, ಉದ್ದವಾಗಿ ನಾಲ್ಕೈದು ಮಡಿಕೆಯಲ್ಲಿರುತ್ತವೆ. ಅವನ್ನು ಅಂಗಡಿಯಲ್ಲಿ ಪೂರ್ತಿ ಬಿಚ್ಚೋಕೆ ಹೋಗಬೇಡಿ. ಮಡಿಕೆ ಒಣಗಿದ್ದರೆ ನಿಮ್ಮ ಕೈಯಲ್ಲೇ ಹರಿಯುತ್ತದೆ, ಆಮೇಲೆ ಬೇಡ ಅನ್ನೋಕೂ ಆಗಲ್ಲ.

ಎಣಿಕೆ ಮುಗಿದ ಮೇಲೆ ಬಣ್ಣ ನೋಡಿ. ಒಂದು ಚಿಕ್ಕ ಭೂತಗನ್ನಡಿ ಸದಾ ಜೇಬಿನಲ್ಲಿರಲಿ, ವಾಚ್ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವಂಥದ್ದಾದರೆ ಇನ್ನೂ ಒಳ್ಳೆಯದು. ಹಳೇ ನಕ್ಷೆಗಳಲ್ಲಿ ಕೈಯಿಂದ ಬಣ್ಣ ಹಚ್ಚಿದ್ದರೆ ಕುಂಚ ಗೆರೆ ದಾಟಿ ಆಚೆ ಹೋದದ್ದು, ಬಣ್ಣ ಅಂಚಿನಲ್ಲಿ ಗಟ್ಟಿಯಾಗಿ ಕೂತದ್ದು ಕಾಣುತ್ತದೆ. ಕಲ್ಲಚ್ಚಿನ ಬಣ್ಣವಾದರೆ ಸಮವಾಗಿರುತ್ತದೆ. ಆದರೆ ಗಾಜಿನೊಳಗೆ ನೀಲಿ, ಕೆಂಪು, ಹಳದಿ ಚುಕ್ಕೆಗಳು ಹೂವಿನಂತೆ ಸಾಲಾಗಿ ಕೂತಿದ್ದರೆ ಅದು ಇತ್ತೀಚೆಗೆ ಆಫ್‌ಸೆಟ್‌ನಲ್ಲಿ ಹೊಡೆದ ಪ್ರತಿ. ಹಳದಿ ಬಣ್ಣದ ಕಾಗದಕ್ಕೆ, ಚಹಾ ಕಲೆಗೆ ಮರುಳಾಗಬೇಡಿ, ಅದನ್ನು ಮನೆಯಲ್ಲೇ ಮಾಡಬಹುದು.

ಮರುಮುದ್ರಣಗಳೂ ಬಹಳ ಇವೆ. ಸ್ಕ್ಯಾನ್ ತೆಗೆದುಕೊಂಡು ಹೊಡೆದು ಚರ್ಮದ ಥರದ ರಟ್ಟು ಹಾಕಿ ಹಳೇ ಪುಸ್ತಕ ಅಂತ ಮಾರುತ್ತಾರೆ. ಓದೋಕೆ ಪರವಾಗಿಲ್ಲ, ಸಂಗ್ರಹಕ್ಕೆ ಬೇಡ. ಮಡಚಿದ ನಕ್ಷೆ ಅದರಲ್ಲಿ ಮಡಚಿಕೊಂಡೇ ಅಚ್ಚಾಗಿರುತ್ತದೆ, ಅದೊಂದು ನೋಡಿದರೆ ಸಾಕು.

ಮುದ್ರೆ ಓದಿ

ಮುಖಪುಟದ ಮೇಲೆ ಗ್ರಂಥಾಲಯದ ಮುದ್ರೆ ಇದ್ದರೆ ಅದು ದೋಷ ಅಲ್ಲ. ಯಾವ ಕಚೇರಿಯಿಂದ ಯಾವ ಕಚೇರಿಗೆ ಹೋಯಿತು ಅನ್ನೋದು ಆ ಪುಸ್ತಕದ ಜಾತಕ. ಆದರೆ ಗ್ರಂಥಾಲಯ ಅದನ್ನು ತೆಗೆದುಹಾಕಿದ್ದಕ್ಕೆ ಗುರುತು ಇರಬೇಕು, ವಿತ್‌ಡ್ರಾನ್ ಅಥವಾ ಕ್ಯಾನ್ಸಲ್ಡ್ ಅಂತ. ಅದಿಲ್ಲದೆ ಮುದ್ರೆ ಮಾತ್ರ ಇದ್ದರೆ, ಅಥವಾ ಮುದ್ರೆಯನ್ನು ಯಾರೋ ಕೆರೆದು ಅಳಿಸಿದ್ದರೆ, ಎಷ್ಟೇ ಆಸೆಯಾದರೂ ಕೆಳಗಿಡಿ. ಸಾಧ್ಯವಾದರೆ ಆ ಗ್ರಂಥಾಲಯಕ್ಕೆ ಒಂದು ಫೋನು ಮಾಡಿ. ಸ್ವಲ್ಪ ದೊಡ್ಡ ಮೊತ್ತವಾದರೆ ಬಿಲ್ ಕೇಳಿ, ಫುಟ್‌ಪಾತ್‌ನವರಾದರೆ ಒಂದು ಚೀಟಿಯಾದರೂ ಬರೆಸಿಕೊಳ್ಳಿ.

ಕೈಬರಹದ ವರದಿ, ಇಂಜಿನಿಯರರ ನೋಟ್‌ಬುಕ್, ಪತ್ರಗಳು ಸಿಕ್ಕರೆ ಇನ್ನೂ ಎಚ್ಚರ. 75 ವರ್ಷ ದಾಟಿದ, ಐತಿಹಾಸಿಕ ಅಥವಾ ವೈಜ್ಞಾನಿಕ ಬೆಲೆಯುಳ್ಳ ಹಸ್ತಪ್ರತಿ, ದಾಖಲೆಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ಒಳಗೆ ಬರುತ್ತವೆ. ಅವನ್ನು ಹಾಗೇ ವಿದೇಶಕ್ಕೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಭಾವಮೈದ ಒಳ್ಳೇ ರೇಟು ಕೊಡಿಸ್ತೀನಿ ಅಂದರೂ.

ಓದೋಕೂ ಕಲಿಯಿರಿ

ಕೂಡಿಟ್ಟು ಓದದೇ ಇದ್ದರೆ ರದ್ದಿಗೂ ಇದಕ್ಕೂ ವ್ಯತ್ಯಾಸ ಇಲ್ಲ, ಅಲ್ವಾ. ಹಳೇ ವರದಿಯಲ್ಲಿ ಚಿನ್ನದ ಅಳತೆ ಔನ್ಸ್ ಮತ್ತು ಪೆನಿವೇಟ್. 20 ಪೆನಿವೇಟ್ ಸೇರಿದರೆ 1 ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ. ಟನ್ ಅಂದರೆ ಇಂಗ್ಲಿಷ್ ಟನ್, 1,016 ಕಿಲೋ. ಹಾಗಾಗಿ ಟನ್ನಿಗೆ 10 ಪೆನಿವೇಟ್ ಅಂತ ಓದಿದರೆ ಇವತ್ತಿನ ಲೆಕ್ಕದಲ್ಲಿ ಒಂದು ಟನ್ ಕಲ್ಲಿಗೆ ಸುಮಾರು 15 ಗ್ರಾಂ. ಒಂದು ಲಾರಿ ಕಲ್ಲು ಕುಟ್ಟಿ ಒಂದಷ್ಟು ಉಂಗುರದ ಚಿನ್ನ. ಸ್ಟ್ಯಾಂಪ್ ಅಂತ ಬಂದರೆ ಅಂಚೆ ಚೀಟಿ ಅಲ್ಲ, ಅದಿರು ಕುಟ್ಟುವ ಕಬ್ಬಿಣದ ಒನಕೆ. ಇಷ್ಟು ಸ್ಟ್ಯಾಂಪ್‌ಗಳ ಮಿಲ್ ಅಂದರೆ ಅಷ್ಟು ಒನಕೆ.

ಇನ್ನೊಂದು ಮುಖ್ಯ ವಿಷಯ. ಅಂಕಿ ಎಲ್ಲಿಂದ ಬಂತು ಅಂತ ನೋಡಿ. ಅಸ್ಸೇ ಅಂದರೆ ಒಂದು ತುಂಡು ಕಲ್ಲಿನ ಪರೀಕ್ಷೆ. ಮಿಲ್ಲಿನ ಇಳುವರಿ ಅಂದರೆ ನೂರಾರು ಟನ್ ಕುಟ್ಟಿದ ಮೇಲೆ ನಿಜವಾಗಿ ಕೈಗೆ ಬಂದದ್ದು. ಷೇರು ಮಾರುವವರ ಪ್ರಾಸ್ಪೆಕ್ಟಸ್‌ನಲ್ಲಿ ಹೊಳೆಯುವ ತುಂಡನ್ನೇ ಆರಿಸಿ ಪರೀಕ್ಷೆ ಮಾಡಿಸಿದ ಅಂಕಿ ಇರಬಹುದು. ಸರ್ಕಾರಿ ಭೂವಿಜ್ಞಾನಿಗೆ ಮಾರೋದು ಏನೂ ಇರಲಿಲ್ಲ, ಅವನ ಭಾಷೆ ಒಣಗಿರುತ್ತದೆ. ಹಾಗಂತ ಪ್ರಾಸ್ಪೆಕ್ಟಸ್ ಬಿಸಾಡಬೇಡಿ. ನನಗಂತೂ ಒಣ ವರದಿಯ ಪಕ್ಕದಲ್ಲಿ ಸುಳ್ಳಿನ ಪ್ರಾಸ್ಪೆಕ್ಟಸ್ ಇಡೋದೇ ಮಜಾ. ಅಂದಹಾಗೆ ಆಸೆ ಕೈಕೊಟ್ಟದ್ದೇ ಎಲ್ಲ ಕಡೆಯ ಕಥೆಯಲ್ಲ. ಕೋಲಾರದಲ್ಲೂ ಮೊದಲ ವರ್ಷಗಳಲ್ಲಿ ದುಡ್ಡು ಕರಗಿ ಬಿಟ್ಟುಬಿಡೋಣ ಅನ್ನುವ ಹಂತ ಬಂದಿತ್ತು. ಉಳಿದ ಸ್ವಲ್ಪ ಹಣದಲ್ಲಿ ಅಗೆದು 1885ರ ಹೊತ್ತಿಗೆ ಚಾಂಪಿಯನ್ ರೀಫ್ ಅನ್ನೋ ಚಿನ್ನದ ಕಲ್ಲಿನ ಪದರ ಸಿಕ್ಕಿತು. ಕೊನೆಗೆ ಅಲ್ಲಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದರು. ಆ ಕೆಲವು ವರ್ಷಗಳ ಕಂಪನಿ ವರದಿ ಯಾರಿಗಾದರೂ ಸಿಕ್ಕರೆ ಬಿಡಬೇಡಿ.

ಧಾರವಾಡದ ಹಳೇ ಬರಹಗಳಲ್ಲಿ ಜಲಗಾರ್ ಅನ್ನೋ ಪದ ಬರುತ್ತದೆ. ಮೊದಲ ಸಲ ಓದಿದಾಗ ಇಂಗ್ಲಿಷ್ ಸಾಲಿನ ನಡುವೆ ಊರಿನವರು ಎದುರಾದ ಹಾಗಾಯಿತು. ನಮ್ಮ ಜಲಗಾರರೇ. ಡಂಬಳ ಗುಡ್ಡದ ಹಳ್ಳಗಳಲ್ಲಿ ಮಳೆ ಬಂದು ಹೋದಮೇಲೆ ಮರಳು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದವರು. ಸಾಹೇಬರು ಕುದುರೆ ಮೇಲೆ ಬರೋಕೆ ಎಷ್ಟೋ ಮುಂಚೆ ಎಲ್ಲಿ ಚಿನ್ನ ಇದೆ ಅಂತ ಇವರಿಗೆ ಗೊತ್ತಿತ್ತು. ಝವೇರಿ ಬಜಾರಿನ ಗಲ್ಲಿಯಲ್ಲಿ ಬೆಳಗಾಗೋ ಮುಂಚೆ ಹೋದರೆ ಘಮೇಲಾವಾಲಾಗಳು ಅಕ್ಕಸಾಲಿಗರ ಅಂಗಡಿ ಮುಂದಿನ ಧೂಳು, ಗಟಾರದ ಕೆಸರು ಬಾಚಿ ಘಮೇಲಾ ಬುಟ್ಟಿಯಲ್ಲಿ ಹಾಕಿ ಅಲ್ಲಾಡಿಸುತ್ತಾ ಕೂತಿರುತ್ತಾರೆ. ಬುಟ್ಟಿ ಬೇರೆ, ಕೈ ತಿರುಗುವ ಲಯ ಒಂದೇ. ಇಂಥ ಪದ ಸಿಕ್ಕಲ್ಲೆಲ್ಲ ನಾನು ಪುಟಸಂಖ್ಯೆ ಬರೆದಿಟ್ಟುಕೊಳ್ಳುತ್ತೇನೆ. ಹೆಸರಿಲ್ಲದ ಆ ಜನರ ಸುಳಿವು ಸಿಗುವುದು ಅಲ್ಲೇ.

ಮಳೆಗಾಲ

ಮುಂಬೈಯಲ್ಲಿ ಕಾಗದ ಕಾಪಾಡೋದು ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಪಾಡೋದು. ಹೊರಗೋಡೆಗೆ ತಾಗಿದ ಕಪಾಟು ಬೇಡ, ಗೋಡೆ ಬೆವರುತ್ತದೆ. ಕಬ್ಬಿಣದ ಗೋದ್ರೆಜ್ ಕಪಾಟು ಒಳ್ಳೆಯದು, ಗೆದ್ದಲಿನ ಕಾಟ ಕಡಿಮೆ, ಆದರೆ ವಾರಕ್ಕೊಮ್ಮೆ ಮಳೆ ಇಲ್ಲದ ದಿನ ಬಾಗಿಲು ತೆಗೆದಿಡಿ. ಕೆಳಗಿನ ಅರೆ ಖಾಲಿ ಇರಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದದ್ದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಿಲಿಕಾ ಜೆಲ್ ಚೀಲ ಇಡಿ, ಬಣ್ಣ ಬದಲಾದರೆ ಒಣಗಿಸಿ ಮತ್ತೆ ಇಡಿ. ಡಾಂಬರು ಗುಳಿಗೆ ಬೇಡ, ತೇವಕ್ಕೆ ಅದು ಏನೂ ಮಾಡಲ್ಲ, ಮನೆಯವರಿಗೆ ತಲೆನೋವು ಮಾತ್ರ ಗ್ಯಾರಂಟಿ.

ರದ್ದಿಯಿಂದ ಬಂದ ಪುಸ್ತಕ ಸೀದಾ ಕಪಾಟಿಗೆ ಹೋಗಕೂಡದು, ಹುಳ ಎಲ್ಲಕ್ಕೂ ಹಬ್ಬುತ್ತದೆ. ಗಾಳಿ ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರಿಜ್ಜಿನ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಡಿ, ಇಲ್ಲದಿದ್ದರೆ ಪುಸ್ತಕದ ಮೇಲೆ ನೀರು ಕೂರುತ್ತದೆ. ಹಸಿ ಬಟಾಣಿ ಪಕ್ಕದಲ್ಲಿ ಫೂಟ್ ಸಾಹೇಬರು ಮಲಗಿರೋದನ್ನು ಮನೆಯವರು ಮೊದಮೊದಲು ಒಪ್ಪಲ್ಲ, ಆಮೇಲೆ ರೂಢಿಯಾಗುತ್ತದೆ.

ಹರಿದ ಕಡೆ ಸೆಲೋಟೇಪ್ ಹಚ್ಚಿದರೆ ನಾನು ನಿಮ್ಮ ಜೊತೆ ಮಾತು ಬಿಡುತ್ತೇನೆ. ಅದರ ಅಂಟು ಕೆಲವು ವರ್ಷದಲ್ಲಿ ಕಂದಾಗಿ ಕಾಗದದೊಳಕ್ಕೆ ಇಳಿಯುತ್ತದೆ, ತೆಗೆಯೋಕೆ ಬರಲ್ಲ. ಲ್ಯಾಮಿನೇಷನ್ ಅದಕ್ಕಿಂತ ದೊಡ್ಡ ಪಾಪ. ತೆಳು ಜಪಾನಿ ಟಿಶ್ಯೂ ಕಾಗದ, ಗೋಧಿ ಪಿಷ್ಟದ ಅಂಟು, ಇಷ್ಟು ಸಾಕು. ಬೇಕಾದಾಗ ಒದ್ದೆ ಮಾಡಿ ಬಿಡಿಸಬಹುದು. ನಕ್ಷೆ ದೊಡ್ಡದಾಗಿ ಹರಿದಿದ್ದರೆ ಕೈ ಹಾಕಬೇಡಿ, ಕಾಗದ ಸಂರಕ್ಷಣೆ ಗೊತ್ತಿರುವವರಿಗೆ ಕೊಡಿ. ಒಮ್ಮೆ ಬಿಚ್ಚಿದಾಗ ಒಳ್ಳೇ ಬೆಳಕಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಮತ್ತೆ ಮತ್ತೆ ಬಿಚ್ಚುವ ಕೆಲಸ ಇರುವುದಿಲ್ಲ.

ಪಟ್ಟಿ ಬರೆದಿಡಿ

ಒಂದೊಂದಕ್ಕೂ ಒಂದು ಚೀಟಿ. ಹೆಸರು, ಸಂಪುಟ, ಇಸವಿ, ಎಷ್ಟು ಪ್ಲೇಟ್ ಇರಬೇಕು, ಎಷ್ಟಿವೆ, ಎಲ್ಲಿ ಕೊಂಡೆ, ಎಷ್ಟಕ್ಕೆ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನು ಕಪಾಟಿನ ಹತ್ತಿರಕ್ಕೂ ಬರಕೂಡದು. ಪುಸ್ತಕದ ಮೇಲೆ ನಿಮ್ಮ ಹೆಸರಿನ ರಬ್ಬರ್ ಸ್ಟ್ಯಾಂಪ್ ಹೊಡೆಯುವ ಆಸೆ ಬಂದರೆ ತಡೆದುಕೊಳ್ಳಿ. ನನ್ನ ಫೂಟ್ ಮೆಮಾಯರ್ ಚೀಟಿಯಲ್ಲಿ ಜೇಬು ಖಾಲಿ ಅಂತ ಬರೆದಿದೆ, ಪಕ್ಕದಲ್ಲಿ ಆ ಕಂದು ಚೌಕದ ಉದ್ದ ಅಗಲ. ಎಲ್ಲಾದರೂ ಬಿಡಿ ನಕ್ಷೆ ಸಿಕ್ಕರೆ ಅಳೆದು ನೋಡೋಕೆ. ಇನ್ನೂ ಸಿಕ್ಕಿಲ್ಲ.

ಕೊನೆಗೆ ಮನೆಯವರಿಗೆ ಹೇಳಿಡಿ. ನಮಗೆ ಇವು ಸಿಕ್ಕಿದ್ದೇ ಯಾರದ್ದೋ ಮನೆಯವರಿಗೆ ಗೊತ್ತಿಲ್ಲದೆ ತೂಕಕ್ಕೆ ಹೋದದ್ದರಿಂದ. ಹೋದ ದೀಪಾವಳಿಗೆ ಕಪಾಟು ಒರೆಸುವಾಗ ನಮ್ಮವಳು, "ನೀವಿಲ್ಲದಾಗ ರದ್ದಿಯವನು ಬಂದರೆ ಇದರಲ್ಲಿ ಯಾವುದು ಕೊಡಬೇಕು, ಯಾವುದು ಕೊಡಬಾರದು ಅಂತ ಬರೆದಿಡ್ರಿ" ಅಂದಳು. ಬರೆದು ಬಾಗಿಲ ಒಳಬದಿಗೆ ಅಂಟಿಸಿದ್ದೇನೆ. ಕೊಡಬಹುದು ಅನ್ನುವ ಸಾಲಿನಲ್ಲಿ ರೈಲ್ವೆ ಟೈಂಟೇಬಲ್ ಒಂದೇ ಇದೆ.